ಲೀಟರಿಗೆ ಇಪ್ಪತ್ತು ಎಂ.ಎಲ್.

ಟೂ-ಸ್ಟ್ರೋಕ್ ಗಾಡಿಗೆ ಆಯಿಲ್ ಬೆರೆಸುವ ವಿಷಯದಲ್ಲಿ ಚಾಮರಾಜಪೇಟೆಯ ಯಾವ ಮೆಕ್ಯಾನಿಕ್ಕಿನ ಮಾತನ್ನೂ ನಾನು ಕೇಳುವುದಿಲ್ಲ. ನನ್ನ ಸ್ಕೂಟರಿಗೆ ಒಂದು ಲೀಟರ್ ಪೆಟ್ರೋಲಿಗೆ ಇಪ್ಪತ್ತು ಎಂ.ಎಲ್. ಆಯಿಲ್, ಅಷ್ಟೇ. ಕಡಿಮೆಯಾದರೆ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಕ್ಕುತ್ತದೆ. ಬಂಕಿನಲ್ಲಿ ಮೊದಲು ಆಯಿಲ್, ಆಮೇಲೆ ಪೆಟ್ರೋಲ್. ಬೀಳುವ ರಭಸಕ್ಕೆ ಎರಡೂ ತಾವಾಗಿ ಬೆರೆಯುತ್ತವೆ. ಕೆಮ್ಮಿನ ಔಷಧಿಯ ಜೊತೆ ಬಂದ ಅಳತೆ ಮುಚ್ಚಳವೊಂದು ಸದಾ ನನ್ನ ಪರ್ಸಿನಲ್ಲಿರುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಕೊಂಡ ಗಾಡಿ ಅದು. ಮಗಳಿಗೆ ಅದನ್ನು ಕಂಡರಾಗದು. ಹೋದ ವರ್ಷ, “ಅಮ್ಮಾ, ಈ ಸಲ ಎಮಿಷನ್ ಟೆಸ್ಟಲ್ಲಿ ಫೇಲಾದ್ರೆ ಗುಜರಿಗೆ ಹಾಕ್ಬಿಡೋಣ,” ಎಂದಳು. “ಹಾಕು ಹೋಗೇ!” ಎಂದೆ. ನನ್ನ ಗಾಡಿ ಫೇಲಾಗುವುದುಂಟೇ?

ದೀಪಾವಳಿ ಮುಗಿದ ಮೇಲೆ ಟೆಸ್ಟಿಗೆ ಹೊರಟೆ. ಸ್ಟಾರ್ಟ್ ಮಾಡಿದ್ದೇ ತಡ, ಬೀದಿಯೆಲ್ಲ ಹೊಗೆ. ಸೊಳ್ಳೆ ಔಷಧಿ ಹೊಡೆಯುವವರು ಬಂದರೆಂದು ಎದುರು ಮನೆಯವರು ಕಿಟಕಿ ಮುಚ್ಚಿದರು. ಬಸವನಗುಡಿಯ ಏರಿನಲ್ಲಿ ಗಾಡಿ ಗೊರಗೊರ ಎಂದು ನಿಂತೇಹೋಯಿತು. ಎಂಜಿನ್ನೇ ಹೋಗಿದ್ದರೆ ಗುಜರಿಯೇ ಗತಿ. ಪ್ಲಗ್ ಬಿಚ್ಚಿದರೆ ಕಪ್ಪಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ಪೆಟ್ರೋಲನ್ನು ಬೆರಳಿಗೆ ತಾಗಿಸಿ ಉಜ್ಜಿ ನೋಡಿದೆ, ಬರೀ ಜಿಡ್ಡು. ಇದು ನನ್ನ ಕೈಯಳತೆ ಆಗಿರಲು ಸಾಧ್ಯವೇ ಇರಲಿಲ್ಲ.

ತಳ್ಳಿಕೊಂಡು ಮನೆಗೆ ಬಂದು ನೇರ ಯಜಮಾನರ ಮುಂದೆ ನಿಂತೆ.

“ಟ್ಯಾಂಕಿಗೆ ಆಯಿಲ್ ಹಾಕಿದ್ರೇನ್ರೀ?”

ಅವರ ಮುಖ ಸಣ್ಣದಾಯಿತು. “ನರಕ ಚತುರ್ದಶಿ ದಿನ ಮನೇಲಿ ಎಲ್ರಿಗೂ ಎಣ್ಣೆಸ್ನಾನ ಆಯ್ತಲ್ಲ, ಅದಕ್ಕೂ ಆಗ್ಲಿ ಅಂತ ನಿನ್ನ ಗಾಡಿ ಆಯಿಲ್ ಬಾಟ್ಲಲ್ಲಿ ಉಳಿದಿದ್ದನ್ನ ಪೂರ್ತಿ ಸುರಿದೆ. ಮಂಡಿ ನೋವಲ್ಲಿ ನಾನಂತೂ ಹಿಂದೆ ಕೂತು ಬರೋಕಾಗಲ್ಲ. ನೀನೊಬ್ಳೇ ಓಡಾಡ್ತೀಯ. ಗಾಡಿ ನಡುದಾರೀಲಿ ಕೈಕೊಟ್ರೆ ಏನ್ ಗತಿ ಅಂತ...”

ಸಿಟ್ಟು ಇನ್ನೂ ಇತ್ತು, ಆದರೆ ನಗುವೂ ಬಂತು, ಕಣ್ಣೂ ತುಂಬಿತು. “ನೀವು ಸುರಿದಿದ್ದಕ್ಕೇ ಕಣ್ರೀ ಅದು ಕೈಕೊಟ್ಟಿದ್ದು,” ಎಂದೆ.

ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ, ಹೊಸ ಪ್ಲಗ್ ಹಾಕಿ, ಬೀದಿ ಕೊನೆಯ ಬಂಕಿನವರೆಗೆ ತಳ್ಳಿಕೊಂಡು ಹೋಗಿ ನನ್ನ ಅಳತೆಯಲ್ಲಿ ಬೆರೆಸಿದೆ. ಹಳೇ ಎಣ್ಣೆಯೆಲ್ಲ ಉರಿದುಹೋಗಲಿ ಎಂದು ಎರಡು ಸುತ್ತು ಹೊಡೆದು ಟೆಸ್ಟಿಗೆ ನಿಲ್ಲಿಸಿದೆ. ಟೆಸ್ಟ್ ಮಾಡುವವನು ಮೀಟರ್ ನೋಡಿ, “ಪಾಸಾಯ್ತು ಆಂಟಿ. ಮಾರೋದಾದ್ರೆ ನಂಗೇ ಹೇಳಿ,” ಎಂದ. ಆ ಮಾತನ್ನು ಮಗಳಿಗೆ ಅಕ್ಷರ ಬಿಡದೆ ಒಪ್ಪಿಸಿದೆ.

ಈ ದೀಪಾವಳಿಗೆ ಯಜಮಾನರು ಎಳ್ಳೆಣ್ಣೆಯ ಬಟ್ಟಲು ಹಿಡಿದು ಮತ್ತೆ ಸ್ಕೂಟರಿನ ಸುತ್ತ ಸುಳಿದಾಡುತ್ತಿದ್ದರು. ಕಿತ್ತುಕೊಂಡೆ. ಶಾಸ್ತ್ರಕ್ಕೆಂದು ಹ್ಯಾಂಡಲ್ಲಿಗೆ ಒಂದು ಬೊಟ್ಟು ಹಚ್ಚಿ, ಅವರನ್ನು ಮಣೆಯ ಮೇಲೆ ಕೂರಿಸಿ, ಉಳಿದದ್ದನ್ನೆಲ್ಲ ಅವರ ಮಂಡಿಗೆ ಸುರಿದು ತಿಕ್ಕಿದೆ. ಅಳತೆ ನೋಡಲಿಲ್ಲ.