ನೀರು ಕುಡಿಯಬಹುದಾದ ಕೋಣೆ

ಶೇವಂತಾ ಲಾಡ್ಜಿನ ಬಚ್ಚಲಮನೆಯ ಸ್ಟೂಲಿನ ಮೇಲೆ ಕೂತು ಸೋಪಿನ ಕಡೆ ಕೈ ಚಾಚಿದ್ದಾಳೆ. ಬೆರಳ ತುದಿಯಷ್ಟೇ ತಾಗುತ್ತದೆ. ಏಳುವುದಿಲ್ಲ. ಕೂತಲ್ಲಿಂದಲೇ ಬಟ್ಟಲನ್ನು ತುಸುತುಸುವೇ ಈಚೆ ಎಳೆದುಕೊಳ್ಳುತ್ತಾಳೆ. ಆಮೇಲೆ ಟವೆಲ್, ಆಮೇಲೆ ನಲ್ಲಿ. ಈ ಕೋಣೆಯಲ್ಲಿ ಯಾವುದನ್ನೂ ನಿಂತು ಇಡಬಾರದೆನ್ನುವುದು ಆಕೆ ತಾನೇ ಹಾಕಿಕೊಂಡ ಕಟ್ಟಳೆ. ಹೊರಗೆ ಜಗತ್ ವೃತ್ತ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಚಹಾದಂಗಡಿಯ ಶಟರ್ ಎತ್ತಿದ ಸದ್ದು ಬಿಟ್ಟರೆ ಬೇರೇನಿಲ್ಲ.

"ಕ್ಯಾ ಮಹಾರಾಣಿ, ಜಳಕ ಆಯ್ತೇನು? ಬೆನ್ನು ತಿಕ್ಲಿ?" ಮಹಡಿಯ ಕೋಣೆಗಳನ್ನು ನೋಡಿಕೊಳ್ಳುವ ಗುಲ್ಶನ್ ಬಾಗಿಲಲ್ಲಿ ನಿಂತು ನಗುತ್ತಾಳೆ.

"ತಿಕ್ಕ ಬಾ. ನಿನ್ನ ಕೈಗೂ ಒಂದೀಟು ಕೆಲಸ ಆಗ್ಲಿ."

ಲಾಡ್ಜಿನ ನೆಲಮಹಡಿಯ ಈ ಕೋಣೆ ಮೊದಲು ಹರಿದ ಗಾದಿಗಳ ಉಗ್ರಾಣವಾಗಿತ್ತು. ಮ್ಯಾನೇಜರ್ ಅಜರ್ ಅವರ ತಾಯಿಗೆ ಲಕ್ವ ಹೊಡೆದ ವರ್ಷ ಅವರು ಮಾಲೀಕರ ಬೆನ್ನು ಬಿದ್ದು ಹೊಸ್ತಿಲು ಕೀಳಿಸಿದರು, ಬಾಗಿಲು ಅಗಲ ಮಾಡಿಸಿದರು, ಕಮೋಡಿನ ಪಕ್ಕ ಉಕ್ಕಿನ ಹಿಡಿಕೆ ಹಾಕಿಸಿದರು. ದರ್ಗಾಕ್ಕೆ ಬರುವ ಊರುಗೋಲಿನ ಮುದುಕರು, ಪರೀಕ್ಷೆ ಬರೆಯಲು ಬರುವ ಗಾಲಿಕುರ್ಚಿಯ ಹುಡುಗಿಯರು ಈಗ ಇಲ್ಲಿ ಇಳಿದುಕೊಳ್ಳುತ್ತಾರೆ. ಶೇವಂತಾಳ ಮಾತಿನಲ್ಲಿ ಅವರೆಲ್ಲ 'ಪಾವ್ಣ್ಯಾರು', ಮನೆಗೆ ಬಂದ ನೆಂಟರು.

ಆಕೆಯ ತವರು ಕಮಲಾಪುರ, ಕೊಟ್ಟ ಮನೆ ಗಾಜಿಪುರ. ಗಂಡ ದೌಲಪ್ಪ ಆಟೋ ಓಡಿಸುತ್ತಾನೆ. ಲಾಡ್ಜಿಗೆ ಸೇರಿದ ಹೊಸತರಲ್ಲಿ ಚಾದರ ಒಗೆಯುವ ಕೆಲಸ. ಸೋಪಿನ ಪುಡಿಯ ಖಾರಕ್ಕೆ ಅಂಗೈ ಬಿರಿದು ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ಮಹಡಿ ಹತ್ತಿ ಹತ್ತಿ ಮೊಣಕಾಲು ಸೋತಾಗ ಅಜರ್ ಕೆಳಗಿನ ಕೋಣೆ ವಹಿಸಿದರು. ಹೇಗೆ ನೋಡಿಕೊಳ್ಳಬೇಕೆಂದು ಮಾತ್ರ ಯಾರೂ ಕಲಿಸಲಿಲ್ಲ.

ಕಲಿತದ್ದು ಒಂದು ತಪ್ಪಿನಿಂದ. ರಾಯಚೂರಿನಿಂದ ಬಂದ ಉಪನ್ಯಾಸಕಿ ಮದಿಹಾ ಮಲಗಿದ್ದರು. ಕಸ ಹೊಡೆಯಲು ಹೋದ ಶೇವಂತಾಳ ಕಣ್ಣು ಮಂಚದ ಪಕ್ಕದ ಗಾಲಿಕುರ್ಚಿಯ ಮೇಲೆ ಬಿತ್ತು. ಗಾಲಿಗೆಲ್ಲ ಬೀದಿಯ ಮಣ್ಣು. ಬೀದಿ ತುಳಿದದ್ದು ಮನೆಯೊಳಗೆ ಬರಬಾರದಲ್ಲ! ಮೆಲ್ಲಗೆ ಹೊರಗೊಯ್ದು, ತೊಳೆದು, ಚಪ್ಪಲಿ ಬಿಡುವ ಜಾಗದಲ್ಲಿ ನೀಟಾಗಿ ಗೋಡೆಗೆ ಒರಗಿಸಿ ಬಂದಳು.

"ಬಾಯಿ, ನನ್ನ ಕುರ್ಚಿ ಎಲ್ಲದ ರೀ?"

"ತೊಳದು ಹೊರಗ ಬಿಟ್ಟೀನ್ರಿ ಮೇಡಂ."

"ಅರೇ! ಅದು ಚಪ್ಪಲಿ ಅಲ್ರೀ, ಕಾಲು. ನೀವು ಕಾಲು ಬಿಚ್ಚಿ ಹೊರಗಿಟ್ಟು ಬರ್ತೀರೇನು?"

ಮದಿಹಾ ನಕ್ಕರು. ಶೇವಂತಾ ಮುಖದ ಉರಿ ಇಳಿದ ಮೇಲೆ ನಕ್ಕಳು. ಅದೇ ದಿನ ಮದಿಹಾ ನೀರಿನ ಜಗ್ಗು ಮತ್ತೆ ಮತ್ತೆ ತುಂಬಿಸಿಕೊಂಡರು. "ಏಟು ನೀರಡಕಿ ರೀ ನಿಮಗ!" ಎಂದದ್ದಕ್ಕೆ ಅವರು ಹೇಳಿದ ಮಾತು ಇನ್ನೂ ಆಕೆಯ ಕಿವಿಯಲ್ಲಿದೆ. "ನೀರಡಕಿ ಎಲ್ಲಾ ಕಡಿ ಆಗ್ತದ ಶೇವಂತಾಬಾಯಿ. ಆದ್ರ ಬಚ್ಚಲಕ್ಕ ಹೋಗ್ಲಿಕ್ಕೆ ಆಗ್ತದ ಅನ್ನೋ ಧೈರ್ಯ ಇದ್ದಲ್ಲಿ ಮಾತ್ರ ಕುಡೀತೀನಿ."

ಶೇವಂತಾಳ ಕೈ ಜಗ್ಗಿನ ಮೇಲೆ ಹಾಗೇ ನಿಂತಿತು.

ಕಮಲಾಪುರದಲ್ಲಿ ಆಕೆಗೊಬ್ಬಳು ಅಕ್ಕ, ಸೂಗಮ್ಮ. ಸಣ್ಣವಳಿದ್ದಾಗ ಪೋಲಿಯೋ ಆಗಿ ಅಂಗೈ ಊರಿಕೊಂಡು ಓಡಾಡುವವಳು. ಸೋಬಾನೆ ಹಾಡಿದರೆ ಚಪ್ಪರ ತುಂಬುವ ದನಿ. ಆದರೆ ಯಾವ ಮದುವೆಗೆ ಹೋದರೂ ತುಟಿಗೆ ಹನಿ ನೀರು ಸೋಕಿಸುತ್ತಿರಲಿಲ್ಲ. ಕೇಳಿದರೆ, "ಇವತ್ತು ನಂದು ಉಪಾಸ." ಸೂಗಮ್ಮನಂಥ ಭಕ್ತಿವಂತೆ ಇಲ್ಲವೆಂದು ಊರೆಲ್ಲ ಹೊಗಳುತ್ತಿತ್ತು. ಶೇವಂತಾ ತಾನೂ ಬೀಗರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಆ ಉಪವಾಸ ಯಾವ ದೇವರದೆಂದು ಅವತ್ತು ಮದಿಹಾ ಅವರ ಜಗ್ಗು ಹಿಡಿದು ನಿಂತಾಗ ಗೊತ್ತಾಯಿತು.

ಅಂದಿನಿಂದ ಈ ಕೋಣೆಯಲ್ಲಿ ಒಂದರ ಬದಲು ಎರಡು ಜಗ್ಗು. ಮಂಚದಿಂದ ಕೈಗೆ ಸಿಗುವಂತೆ.

ಮುಂದಿನ ತಿಂಗಳು ಮಗಳು ಮಲ್ಲಿಕಾಳ ನಿಶ್ಚಯ. ಗಾಜಿಪುರದ ಮನೆಗೆ ಕಡಿದಾದ ಮೆಟ್ಟಿಲು, ಪಾಯಿಖಾನೆ ವಠಾರದ ಆ ತುದಿಗೆ. ಮೊನ್ನೆ ಅಕ್ಕನಿಗೆ ಫೋನು ಮಾಡಿದಳು.

"ನಾ ಬರಂಗಿಲ್ಲ ತಂಗಿ. ಎತ್ತಿ ಇಳಸ್ಲಾಕ ನಾ ಏನ್ ಜ್ವಾಳದ ಚೀಲೇನು? ಅದೂ ಅಲ್ದ, ಅವತ್ತು ನಂದು ಉಪಾಸ."

"ಯಾವತ್ತಂತ ನಾ ಇನ್ನಾ ಹೇಳೇ ಇಲ್ಲಲ್ಲಕ್ಕ?"

ಸೂಗಮ್ಮ ಮಾತು ತಿರುಗಿಸಿ, "ಕೆಂಪು ಬಾಳಿಹಣ್ಣು ಕಳಸ್ತೀನಿ, ಬೀಗರಿಗೆ ಕೊಡು," ಎಂದಳು. ಅಕ್ಕ ಹಾಡದೆ ಮಗಳಿಗೆ ಅರಿಶಿನ-ಕುಂಕುಮ ಹಚ್ಚುವುದಾದರೂ ಹೇಗೆ? ಆ ಚಿಂತೆ ಶೇವಂತಾಳ ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಆಸೆ ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ ಆಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. "ಇನ್ನೊಂದು ಹಿಡಿಕಿ ಹಾಕಸ್ರಿ ಅಂದೀನಿ ಅಜರ್ ಸಾಹೇಬ್ರಿಗೆ. ಒಬ್ಬೊಬ್ಬರಿಗಿ ಎಡಗೈಯಾಗೇ ಶಕ್ತಿ ಇರ್ತದ ನೋಡ್ರಿ. ಮತ್ತೇನದ ರೀ? ಪಾವ್ಣ್ಯಾರು ಹೊಟ್ಟಿ ತುಂಬ ನೀರು ಕುಡದು ಮಲಗಿದ್ರ ನನಗ ಸಮಾಧಾನ."

ಹೇಳುವುದು ಅಷ್ಟೇ. ಆದರೆ ಮಂಚದ ಅಂಚಿನಲ್ಲಿ ಕೂತು ಚಾದರದ ಸುಕ್ಕು ನೇವರಿಸುತ್ತಿರುವಾಗ ಆಕೆಯ ಕೈ ನಿಧಾನವಾಗುತ್ತದೆ. ನಿಶ್ಚಯದ ಹಿಂದಿನ ದಿನದಿಂದ ಈ ಕೋಣೆ ಅಕ್ಕನಿಗೆ, ಬೇರೆ ಯಾರಿಗೂ ಇಲ್ಲ. ಸಾಹೇಬರ ದಯೆ ಬೇಡ; ಎಲ್ಲ ಪಾವ್ಣ್ಯಾರಂತೆ ಬಾಡಿಗೆ ಕೊಟ್ಟು ಹಿಡಿಯುವುದೇ. ನಿಶ್ಚಯಕ್ಕೆ ಬೀಗರೂ ಇಲ್ಲಿಗೇ ಬರಲಿ, ಅಂಗಳದಲ್ಲಿ ಜಮಖಾನೆ ಹಾಸಿದರಾಯಿತು. ದೌಲಪ್ಪನ ಆಟೋ ಬಾಗಿಲ ತನಕ ಬರುತ್ತದೆ. ಹೊಸ್ತಿಲಿಲ್ಲ. ಅಕ್ಕ ತನ್ನ ಅಂಗೈ ಊರಿಕೊಂಡು ತಾನೇ ಒಳಗೆ ಬರುತ್ತಾಳೆ, ಯಾರೂ ಎತ್ತಬೇಕಿಲ್ಲ.

"ಒಬ್ಬಾಕೀನೇ ಯಾಕ ನಗ್ಲಾಕತ್ತಿ?" ಗುಲ್ಶನ್ ಮತ್ತೆ ಇಣುಕುತ್ತಾಳೆ.

"ಏನಿಲ್ಲವಾ. ನೀರು ತುಂಬ್ಲಾಕತ್ತೀನಿ," ಎನ್ನುತ್ತ ಶೇವಂತಾ ಎರಡನೆಯ ಜಗ್ಗನ್ನೂ ಕಂಠಮಟ್ಟ ತುಂಬುತ್ತಾಳೆ.