ಕಾಕಾಗೆ ತೋರಿಸದ ಗೆರೆಗಳು

ಮೂರು ತಿಂಗಳ ಹಿಂದೆ, ರಾಮದಾಸಪೇಠದ ಆಸ್ಪತ್ರೆಯೊಂದರ ಬೆಂಚಿನ ಮೇಲೆ ನಾನು ಕ್ಯಾನ್ಸರ್ ಕೋಶವಾಗಿ ಸತ್ತೆ. ಚಪ್ಪಾಳೆಯೂ ಬಿತ್ತು.

ಕಂಡವರ ದನಿಯನ್ನೆಲ್ಲ ನಕಲು ಮಾಡುವುದು ನನ್ನ ಚಾಳಿ. ಗೈಡ್ ಮೇಡಂ ಕೆಮ್ಮನ್ನೂ ಬಿಟ್ಟವನಲ್ಲ, ಲಿಫ್ಟಿನೊಳಗಿನ ಹೆಣ್ಣುದನಿಯನ್ನೂ ಬಿಟ್ಟವನಲ್ಲ. (ಪಿಎಚ್‌ಡಿ ಮುಗಿಯದಿರುವುದಕ್ಕೆ ಇದೂ ಒಂದು ಕಾರಣ.) ಡಿಎನ್‌ಎಗೆ ಪೆಟ್ಟು ಬಿದ್ದಾಗ ಜೀವಕೋಶ ಏನು ಮಾಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ನನ್ನ ಕೆಲಸ. ಅವತ್ತಿನ ಪ್ರೇಕ್ಷಕರು ನಮ್ಮ ಕಾಕಾ. ಇತವಾರಿ ಪೇಟೆಯಲ್ಲಿ ಬಟ್ಟೆ ಅಂಗಡಿ, ಶ್ವಾಸಕೋಶದಲ್ಲಿ ಗಡ್ಡೆ, ರೇಡಿಯೇಶನ್ನಿನ ಕೊನೆಯ ದಿನ.

"ನಿನ್ನ ಕಂಪ್ಯೂಟರದಾಗ ಇದ ಇರತೈತೆಲ್ಲೋ ನಕಲಿರಾಯ? ನನ್ನ ಒಳಗ ಏನ ನಡದೈತಿ, ಹೇಳು ಜಲ್ದಿ."

ಎದ್ದು ನಿಂತೆ. ಕಿರಣ ಬಿತ್ತು, ಡಿಎನ್‌ಎ ಮುರಿಯಿತು. ಕೋಶ ಥೇಟ್ ಕಾಕಾ ದನಿಯಲ್ಲಿ, "ತಡಿಯಪಾ, ಹೊಲಿಗಿ ಹಾಕೂಣು" ಅಂತು. ಆಗಲಿಲ್ಲ. "ಚಲೋ, ನಾ ಹೊಂಟೆ" ಅಂತ ಬೆಂಚಿನ ಮೇಲೆ ಉರುಳಿತು. ಕಾಕಾ ಕೆಮ್ಮು ಬರುವಷ್ಟು ನಕ್ಕರು.

ಅಲ್ಲಿಗೇ ನಿಲ್ಲಿಸಬಾರದಿತ್ತೇ? ಲ್ಯಾಪ್‌ಟಾಪ್ ತೆರೆದೆ.

ನನ್ನ ಮಾಡೆಲ್‌ನಲ್ಲಿ ನೂರಾರು ಕೋಶಗಳು, ಎಲ್ಲಕ್ಕೂ ಒಂದೇ ಪೆಟ್ಟು. ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಸುಮ್ಮನೆ ಕೂತು, ರಿಪೇರಿ ಮಾಡಿಕೊಂಡು, ತಡವಾಗಿ ಮತ್ತೆ ಬೆಳೆಯುತ್ತವೆ. ಒಂದೊಂದರ ಬೆಳವಣಿಗೆಗೂ ಒಂದು ಗೆರೆ ಎಳೆದರೆ ಪರದೆಯೆಲ್ಲ ಗೋಜಲು. ಅದಕ್ಕೇ ನಾವೆಲ್ಲ ಮಾಡುವುದನ್ನೇ ಮಾಡಿದ್ದೆ: ಎಲ್ಲದರ ಸರಾಸರಿ ತೆಗೆದು, ಮೊದಲ ಕೆಲವು ದಿನದ್ದಷ್ಟೇ, ನೀಟಾಗಿ ಇಳಿಯುವ ಒಂದೇ ನೀಲಿ ಗೆರೆ.

"ಬರೋಬರ್!" ಅಂದರು ಕಾಕಾ. "ಇದರದೊಂದು ಪ್ರಿಂಟ್ ಕೊಡು."

"ಇದು ನಿಮ್ಮದಲ್ಲ ಕಾಕಾ, ಲೆಕ್ಕದ ಕೋಶಗಳದು" ಅಂದೆ. ಅಂದೆ, ಆದರೆ ನಗುತ್ತ ಅಂದೆ. ನಾನು ನಗುತ್ತ ಹೇಳಿದ್ದನ್ನು ಯಾರು ತಾನೇ ನಂಬಿದ್ದಾರೆ?

ಆ ವಾರ ಅವರು ಗದಗಿಗೆ ಹೊರಟಿದ್ದರು. ಅವರನ್ನು ಸಾಕಿ ಬೆಳೆಸಿದ ಅಕ್ಕ ಅಲ್ಲಿ ಸೊಂಟ ಮುರಿದು ಮಲಗಿದ್ದಾಳೆ. ಈಗಲೇ ಹೋಗಿ ಬನ್ನಿ ಅಂತ ಡಾಕ್ಟರೂ ಹೇಳಿದ್ದರು. ಕಾಕಾ ಟಿಕೆಟ್ ಕ್ಯಾನ್ಸಲ್ ಮಾಡಿಸಿದರು.

"ಗೆರಿ ಪೂರಾ ಕೆಳಗ ಇಳೀಲಿ. ಇಂಥಾ ಸೊರಗಿದ ಮಾರಿ ಅಕ್ಕಗ ಯಾಕ ತೋರಸಲಿ? ಆರಾಮಾಗೇ ಹೋಗತೇನಿ."

ಹೋದ ವಾರ ಸ್ಕ್ಯಾನ್ ರಿಪೋರ್ಟ್ ಬಂತು. ಗಡ್ಡೆ ಮತ್ತೆ ಬೆಳೆದಿದೆ. ಆಕ್ಸಿಜನ್ ಇಲ್ಲದೆ ಬಚ್ಚಲಿಗೂ ಹೋಗಲಾಗದು. ಇನ್ನು ಪ್ರಯಾಣದ ಮಾತೇ ಇಲ್ಲ. ರಿಪೋರ್ಟ್ ಬಂದ ದಿನವೇ ಎಲ್ಲ ಗೆರೆಗಳೂ ಇರುವ ಚಿತ್ರವನ್ನು ಒಯ್ದು ತೋರಿಸಿದೆ. ಇಳಿದು ಮತ್ತೆ ಮೇಲೆದ್ದ ನಾಲ್ಕೈದರ ಮೇಲೆ ಕಾಕಾ ಬೆರಳಾಡಿಸಿದರು.

"ಇವು ಆವತ್ತೂ ಇದ್ದುವೇನೋ?"

"ಇದ್ದುವು ಕಾಕಾ."

"ಮತ್ಯಾಕ ತೋರಸಲಿಲ್ಲ?"

"ಚಿತ್ರ ಹೊಲಸ ಕಾಣತಿತ್ತು."

ಬೈದಿದ್ದರೆ ಚೆನ್ನಾಗಿತ್ತು. "ತೋರಿಸಿದ್ರ ಮರದಿನಾನ ಗಾಡಿ ಹತ್ತತಿದ್ದೆ ನೋಡು" ಅಂದರು, ಅಷ್ಟೇ.

ಅಷ್ಟರಲ್ಲಿ ಗದಗಿನಿಂದ ಫೋನ್. "ಯಾವಾಗ ಬರ್ತೀಯೋ ತಮ್ಮಾ?" ಕಾಕಾ ಮಾಸ್ಕ್ ಸರಿಸಿ, ಉಸಿರು ಕೂಡಿಸಿಕೊಂಡು, "ಬರ್ತೇನಿ ಅಕ್ಕಾ, ಅಂಗಡ್ಯಾಗ ಗಿರಾಕಿ ಗದ್ದಲ ಐತಿ" ಅಂದರು.

ನನ್ನ ನೀಲಿ ಗೆರೆಯ ಸರಾಸರಿ ಮನುಷ್ಯನಿಗೆ ದಾರಿ ಕಾಯುವ ಅಕ್ಕ ಇರುತ್ತಾಳೆಯೇ?