ಜರ್ಮನಿ ಚಾರ್ಟ್ ತೆಗಿ ಎಂದೆ

ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯಲ್ಲಿ ಚಪ್ಪಲಿ ಬಿಟ್ಟು ಹೋಗಬೇಕಾದ ಜಾಗಗಳು ಎರಡಿದ್ದವು. ಒಂದು ಮುದಲಾಳಿಯವರ, ಅಂದರೆ ಮಾಲೀಕರ, ಪೂಜೆಯ ಮೂಲೆ. ಇನ್ನೊಂದು ಕಂಪ್ಯೂಟರ್ ರೂಮು. ದೇವರಿಗೆ ಫ್ಯಾನ್ ಕೂಡ ಇರಲಿಲ್ಲ, ಕಂಪ್ಯೂಟರಿಗೆ ಏ.ಸಿ. ಇತ್ತು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯಾರಿಗೆ ಎಷ್ಟು ಮರ್ಯಾದೆ ಎಂಬುದು ಆಗಲೇ ತೀರ್ಮಾನವಾಗಿತ್ತು.

ಆ ತಣ್ಣನೆಯ ರೂಮಿನಲ್ಲಿ ಕೂರುತ್ತಿದ್ದವರು ನನ್ನ ಸೋದರಮಾವ ಮತ್ತು ನಾನು. ಮಾಮನಿಗೆ ಐವತ್ತರ ಹತ್ತಿರ, ನನಗೆ ಇಪ್ಪತ್ತೊಂದು. ಸೂಲೂರಿನ ಕಡೆಯ ನಮ್ಮ ಊರಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ತಮಿಳು, ರೂಮಿನ ಬಾಗಿಲು ಹಾಕಿಕೊಂಡರೆ ಮತ್ತೆ ಕನ್ನಡ. ಇಡೀ ಕಂಪನಿಯಲ್ಲಿ ಆ ಮಾತು ಬರುತ್ತಿದ್ದದ್ದು ನಮಗಿಬ್ಬರಿಗೇ. ಓದಲು ಮಾತ್ರ ಇಬ್ಬರಿಗೂ ಬಾರದು. ನಾನು ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರು ಸೇರಿದ ಮೇಲೆ. ಇದನ್ನು ಮಾಮ ಓದಲಾರರು ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಮಾಮ ಮಗ್ಗ ಬಿಟ್ಟು ಪ್ಯಾಕಿಂಗ್ ಸೆಕ್ಷನ್ ಸೇರಿದವರು. ಅಲ್ಲಿ ದಿನವಿಡೀ ನಿಂತು ನಿಂತು ಬಲಮೊಣಕಾಲು ಕೆಟ್ಟಿತ್ತು. ಕಂಪನಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲು ಬೇರೆ ಯಾರೂ ಮುಂದೆ ಬರಲಿಲ್ಲ, ಕೂರುವ ಕೆಲಸ ಎಂದು ಇವರು ಮುಂದೆ ಬಂದರು. ಕಪ್ಪು ಪರದೆ, ಹಸಿರು ಅಕ್ಷರ. ಇಂಗ್ಲಿಷ್ ಮಾತಿನ ಅರ್ಥ ಗೊತ್ತಿಲ್ಲ, ಅಕ್ಷರ ಗೊತ್ತು. ಯಾವ ಕೆಲಸಕ್ಕೆ ಯಾವ ಅಕ್ಷರ, ಅದರ ಹಿಂದೆ ಯಾವುದು ಎಂದು ಸೀರೆ ಅಂಚಿನ ಎಳೆ ಎಣಿಸಿದ ಹಾಗೆ ಬಾಯಿಪಾಠ ಮಾಡಿಕೊಂಡರು. ಎಂದೂ ತಪ್ಪಿದವರಲ್ಲ. ಅಳಿಸುವ ಆಜ್ಞೆ ಹೊಡೆಯುವಾಗ ಮಾತ್ರ ಕುರ್ಚಿಯಿಂದ ಎದ್ದು ನಿಂತು ಹೊಡೆಯುತ್ತಿದ್ದರು. ಕಾರಣ ಕೇಳಿದರೆ, "ಕೂತ್ಕೊಂಡು ಮಾಡೋ ಕೆಲ್ಸ ಅಲ್ಲ ಕಣ್ಣು ಅದು" ಎನ್ನುತ್ತಿದ್ದರು. ಕಣ್ಣು ಎಂದರೆ ನಾನು, ಮುದ್ದಿನ ಮಾತು. ನನಗೆ ಗೊತ್ತಿದ್ದದ್ದೆಲ್ಲ ಅವರು ಕಲಿಸಿದ್ದು.

ಒಂದು ದಿನ ಕೊಯಮತ್ತೂರಿನಿಂದ ಇಬ್ಬರು ಬಂದು ಹಳೆಯ ಪೆಟ್ಟಿಗೆ ಎತ್ತಿಕೊಂಡು ಹೋಗಿ ಹೊಸದನ್ನು ಇಟ್ಟರು. ಪರದೆ ಬೆಳ್ಳಗಿತ್ತು. ಅಕ್ಷರ ಹೊಡೆಯುವ ಜಾಗದಲ್ಲಿ ಚಿತ್ರಗಳು: ಕಾಗದದ ಚಿತ್ರ, ಪೆಟ್ಟಿಗೆಯ ಚಿತ್ರ, ಮೂಲೆಯಲ್ಲಿ ಒಂದು ಕಸದ ಬುಟ್ಟಿ. ಪಕ್ಕದಲ್ಲಿ ಬಾಲದಂಥ ವೈರಿನ ಮೌಸು. ಅದರರ್ಥ ಇಲಿ ಎಂದು ತಿಳಿದಾಗ ನೂಲಿನ ಗೋದಾಮಿನವರು, ಇದ್ದ ಇಲಿಗಳನ್ನು ಓಡಿಸಲು ಎರಡು ಬೆಕ್ಕು ಸಾಕಿದ್ದೇವೆ, ದುಡ್ಡು ಕೊಟ್ಟು ಇನ್ನೊಂದು ತಂದಿರಾ ಎಂದರು. ಕಟಿಂಗ್ ಮಾಸ್ಟರು ಗಾಜಿನ ಆಚೆ ಐದು ನಿಮಿಷ ನಿಂತು ನೋಡಿ, ಬಣ್ಣ ಇಲ್ಲವಾ ಎಂದು ಕೇಳಿ ಹೊರಟುಹೋದರು. ಲೆಕ್ಕ ಬರೆಯುವವರು ತಮ್ಮ ತಲೆನೋವಿಗೆ ಬಿಳಿ ಪರದೆಯೇ ಕಾರಣ ಎಂದರು. ಅವರು ಕೂರುತ್ತಿದ್ದದ್ದು ಮೂರು ಗೋಡೆ ಆಚೆ.

ಮಾಮ ಕನ್ನಡಕ ಒರೆಸಿ ಹಾಕಿಕೊಂಡು ಪರದೆಯನ್ನು ನೋಡಿದರು. ಆಮೇಲೆ, "ಮುಂಚೆ ನಾವ್ ಹೇಳುದ್ರೆ ಅದು ಕೇಳ್ತಾ ಇತ್ತು. ಈಗ ಅದು ಪಡ ತೋರುಸ್ತದೆ, ನಾವ್ ಬೆರಳು ಮಾಡ್ಬೇಕು. ಬಾಲವಾಡಿ ಮಕ್ಳು ಮಾಡೋ ಹಂಗೆ" ಎಂದರು. ಪಡ ಎಂದರೆ ಚಿತ್ರ.

ನನಗೆ ಅದು ಒಂದೇ ದಿನದಲ್ಲಿ ಕೈಗೆ ಹತ್ತಿತು. ಮಾಮನಿಗೆ ಹತ್ತಲಿಲ್ಲ. ಮೌಸು ಮೇಜಿನ ಅಂಚಿಗೆ ಬಂದರೆ ಅದನ್ನು ಎತ್ತಿ ಹಿಂದಕ್ಕಿಡಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಮೇಜು ಸಾಲದು ಎಂದು ಆಫೀಸಿಗೆ ಹೇಳಿಕಳಿಸಿದರು. ಮೂವತ್ತು ಅಡಿಯ ಕಟಿಂಗ್ ಮೇಜುಗಳಿದ್ದ ಕಂಪನಿ ಅದು; ಕೇಳಿದ್ದು ಯಾರಿಗೂ ವಿಚಿತ್ರ ಎನಿಸಲಿಲ್ಲ. ದೊಡ್ಡ ಮೇಜು ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ವಯಸ್ಸಿನಲ್ಲಿ ನನಗೆ ಅಷ್ಟು ಸೊಕ್ಕಿತ್ತು.

ಹೊಸದು ಬಂದ ಮೂರನೆಯ ದಿನ ಮುದಲಾಳಿ ಬಾಗಿಲಲ್ಲಿ ನಿಂತು, "ಇದುಕ್ಕು ಒರು ಆಳು ಪೋದುಂ" ಎಂದರು. ಇದಕ್ಕೆ ಒಬ್ಬರು ಸಾಕು. ದೀಪಾವಳಿ ಕಳೆಯಲಿ, ಯಾರಿಗೆ ಚೆನ್ನಾಗಿ ಬರುತ್ತದೋ ಅವರು ಇಲ್ಲಿರಲಿ, ಇನ್ನೊಬ್ಬರು ಪ್ಯಾಕಿಂಗಿಗೆ ಹೋಗಲಿ ಎಂದು ಹೇಳಿ ನಡೆದರು. ಮಾಮ ಮೊಣಕಾಲು ಸವರಿಕೊಂಡರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಪ್ಯಾಕಿಂಗಿನಲ್ಲಿ ಕುರ್ಚಿ ಇರಲಿಲ್ಲ. ಯಾರಿಗೂ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ, ನನಗೂ ಇರಲಿಲ್ಲ.

ದೀಪಾವಳಿಗೆ ವಾರವಿದ್ದಾಗ ಕಂಪ್ಯೂಟರು ತನ್ನಲ್ಲಿ ಜಾಗವಿಲ್ಲ ಎಂದಿತು. ಮಾಮನಿಗೂ ಕೈ ಕುದುರಲಿ ಎಂದು ಮೌಸು ಅವರಿಗೇ ಕೊಟ್ಟು ನಾನು ಹಿಂದೆ ನಿಂತೆ. "ಅದ ತೆಗಿ ಮಾಮ, ಇದ ತೆಗಿ, ಆ ಹಳೇದು ತೆಗಿ" ಎಂದು ಒಂದು ಗಂಟೆ ಹೇಳಿದೆ. ಅವರು ಒಂದೊಂದೇ ಕಾಗದದ ಚಿತ್ರವನ್ನು ಎಳೆದು ಬುಟ್ಟಿಗೆ ಹಾಕಿದರು. ಬುಟ್ಟಿಯ ಹೊಟ್ಟೆ ಉಬ್ಬುತ್ತಿದ್ದ ಹಾಗೆ ಬರಿದು ಮಾಡಿದರು. ಪ್ಯಾಕಿಂಗಿನಲ್ಲಿ ಚಿಂದಿ ಬುಟ್ಟಿ ತುಂಬಿದ್ದರೆ ಬೈಗುಳ ತಿನ್ನಬೇಕಿತ್ತು, ಆ ಅಭ್ಯಾಸ. ಮೊದಲ ಸಲ ಅವರ ಮುಖದಲ್ಲಿ ಗೆಲುವು ಕಂಡಿತು. ಎದ್ದು ನಿಲ್ಲುವುದನ್ನೂ ಮರೆತರು.

ಆಗ ಮುದಲಾಳಿ ಜರ್ಮನಿಯ ಪಾರ್ಟಿಯ, ಅಂದರೆ ನಮ್ಮ ಅಂಗಿ ಕೊಳ್ಳುವವರ, ಏಜೆಂಟರನ್ನು ಕರೆದುಕೊಂಡು ಒಳಗೆ ಬಂದರು. ಅಂಗಿಗಳ ಅಳತೆಯ ಚಾರ್ಟನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಮೂರು ದಿನ ಕೂತು ಹೊಡೆದ ಚಾರ್ಟು. ನಾನು ಏಜೆಂಟರಿಗೆ ಕುರ್ಚಿ ಎಳೆದುಕೊಡುತ್ತಾ, ತಿರುಗಿಯೂ ನೋಡದೆ, "ಮಾಮ, ಜರ್ಮನಿ ಚಾರ್ಟ್ ತೆಗಿ" ಎಂದೆ.

ನಮ್ಮ ಮನೆಯಲ್ಲಿ ಬಾಗಿಲನ್ನೂ ತೆಗಿ ಅನ್ನುತ್ತೇವೆ, ಕಸವನ್ನೂ ತೆಗಿ ಅನ್ನುತ್ತೇವೆ. ಬಾಗಿಲನ್ನು ಕಿತ್ತು ಬಿಸಾಡಿದವರು ಈವರೆಗೆ ಯಾರೂ ಇಲ್ಲ. ಆದರೆ ಒಂದು ಗಂಟೆಯಿಂದ ಆ ಮಾತಿಗೆ ಆ ರೂಮಿನಲ್ಲಿ ಒಂದೇ ಅರ್ಥವಿತ್ತು, ಅದನ್ನು ಕೊಟ್ಟವಳು ನಾನು. ಮಾಮ ಚಾರ್ಟನ್ನು ಎಳೆದು ಬುಟ್ಟಿಗೆ ಹಾಕಿ, ಬುಟ್ಟಿ ಬರಿದು ಮಾಡಹೊರಟರು. ಪರದೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಆ ಕಂಪನಿಯಲ್ಲಿ ಮಾಮನಿಗೆ ಅಲ್ಲಿವರೆಗೆ ಬೇಕಾಗಿದ್ದ ಇಂಗ್ಲಿಷ್ ಉತ್ತರ ಒಂದೇ, ಎಸ್. ಅದನ್ನೇ ಒತ್ತಿದರು. ನಾನು ತಿರುಗುವಷ್ಟರಲ್ಲಿ ಬುಟ್ಟಿ ತೆಳ್ಳಗಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪ್ರತಿ ಇಟ್ಟಿದ್ದೇವೇನೋ ಎಂದು ಫ್ಲಾಪಿಯಲ್ಲಿ ಹುಡುಕಿದೆ. ಇರಲಿಲ್ಲ. ಏಜೆಂಟರು ಗಡಿಯಾರ ನೋಡಿಕೊಂಡು ಎದ್ದರು. ಅವರನ್ನು ಕಾರಿನವರೆಗೆ ಕಳಿಸಿ ಬಂದ ಮುದಲಾಳಿ, "ಯಾರು ಅಳಿಚ್ಚದು?" ಎಂದರು. ಯಾರು ಅಳಿಸಿದ್ದು.

ಮಾಮ ಎದ್ದು ನಿಂತು, "ನಾನ್‌ದಾನುಂಗ" ಎಂದರು. ನಾನೇ ಸ್ವಾಮಿ ಎಂಬಂತೆ.

ಅದು ನಿಜವೂ ಹೌದು. ಆದರೆ ನಾನು ಹೇಳಿದ್ದನ್ನು ಅವರು ಹೇಳಿದ ಹಾಗೆ ಮಾಡಿದ್ದರು. ಅದನ್ನು ಮುದಲಾಳಿಗೆ ಹೇಳಬೇಕೆಂದರೆ ತಮಿಳಿನಲ್ಲಿ ಹೇಳಬೇಕು. ತಮಿಳಿನಲ್ಲಿ ತೆರೆಯುವುದಕ್ಕೆ ಒಂದು ಮಾತು, ತೆಗೆದುಹಾಕುವುದಕ್ಕೆ ಬೇರೆ ಮಾತು. ಆ ಭಾಷೆಯಲ್ಲಿ ಇಂಥ ತಪ್ಪು ಹುಟ್ಟುವುದೇ ಇಲ್ಲ. ಮಾಮನ ಪರವಾಗಿ ಸಾಕ್ಷಿ ಇದ್ದದ್ದು ಕನ್ನಡದಲ್ಲಿ ಮಾತ್ರ, ಅದನ್ನು ಬಿಡಿಸಿ ಹೇಳಬಲ್ಲವಳು ನಾನೊಬ್ಬಳೇ. ಕಷ್ಟವೇನೂ ಇರಲಿಲ್ಲ. ಎರಡು ನಿಮಿಷದ ಮಾತು. ಮುದಲಾಳಿ ನನ್ನ ಕಡೆಯೂ ಒಮ್ಮೆ ನೋಡಿದರು. ನಾನು ಕೀಲಿಮಣೆಯ ಮೇಲಿನ ಧೂಳು ಒರೆಸಿದೆ.

ದೀಪಾವಳಿಯವರೆಗೆ ಕಾಯುವ ಅಗತ್ಯ ಬೀಳಲಿಲ್ಲ. ಮಾಮ ಕನ್ನಡಕದ ಡಬ್ಬಿ, ನೀರಿನ ಬಾಟಲು ಎತ್ತಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಪ್ಯಾಕಿಂಗಿಗೆ ಹೋದರು.

ಸಂಜೆ ಬಸ್ಸಿನಲ್ಲಿ ಪಲ್ಲಡಂ ದಾಟುವವರೆಗೆ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಪ್ಯಾಕಿಂಗಿಗೆ ಹೆದರಿ ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಗಿತ್ತು. ಕೊನೆಗೆ, "ಮಾಮ, ನಾನ್ ಅವರ್ಗೆ ಹೇಳ್ಬೇಕಾಗಿತ್ತು" ಎಂದೆ.

"ಏನಂತ ಹೇಳ್ತಿದ್ದೆ ಕಣ್ಣು? ಇಬ್ರುನೂ ಪ್ಯಾಕಿಂಗ್‌ಗೆ ಕಳ್ಸಿರೋರು" ಎಂದರು. "ಆ ಕುರ್ಚಿ ನಿಂಗಾಗ್ಲಿ ಅಂತಾನೇ ನಾನು ಬಾಯ್ಬಿಡ್ಲಿಲ್ಲ. ನೀನೂ ಸುಮ್ನಿದ್ದೆ, ಒಳ್ಳೇದಾಯ್ತು. ಒಬ್ರಾದ್ರೂ ತಣ್ಣುಗಿರ್ಲಿ."

ನಾನೂ ಹಾಗೇ ಲೆಕ್ಕ ಹಾಕಿ ಸುಮ್ಮನಿದ್ದೆ ಎಂದು ಅವರು ಪೂರ್ತಿ ನಂಬಿದ್ದರು. ನಾನು ಹೌದು ಮಾಮ ಎಂದೆ.